ಕೀಲು ಬದಲಾವಣೆ ಶಸ್ತ್ರಚಿಕಿತ್ಸೆಗೆ ಮುನ್ನ ಸಂಧಿವಾತದ ಔಷಧ: ಯಾವುದನ್ನು ನಿಲ್ಲಿಸಬೇಕು, ಯಾವಾಗ, ನಡುವಿನ ನೋವಿಗೆ ಏನು ಮಾಡಬೇಕು

ಮಂಡಿ ಅಥವಾ ಸೊಂಟದ ಕೀಲು ಬದಲಾಯಿಸಲು ದಿನ ನಿಗದಿಯಾಯಿತೆಂದರೆ ರುಮಟಾಯ್ಡ್ ಸಂಧಿವಾತ ಇರುವವರು ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ. ಕೆಲವರು ಸೋಂಕಿನ ಭಯಕ್ಕೆ ಎಲ್ಲ ಔಷಧಗಳನ್ನೂ ಒಂದೇ ದಿನ ನಿಲ್ಲಿಸಿಬಿಡುತ್ತಾರೆ. ಇನ್ನು ಕೆಲವರು ನೋವು ಕೆರಳೀತೆಂದು ಹೆದರಿ ಒಂದನ್ನೂ ಬಿಡುವುದಿಲ್ಲ. ನಿಲ್ಲಿಸಬೇಕಾದವು ಕೆಲವೇ ಔಷಧಗಳು, ಅದೂ ಲೆಕ್ಕ ಹಾಕಿ. ಕೆಲವನ್ನು ನಿಲ್ಲಿಸಿದರೇ ಅಪಾಯ.

ಇಲ್ಲಿ ಕೊಟ್ಟಿರುವ ಅವಧಿಗಳು ಅಮೆರಿಕದ ರುಮಟಾಲಜಿ ಕಾಲೇಜು (ಸಂಧಿವಾತ ತಜ್ಞರ ಸಂಘ) ಹಾಗೂ ಅಲ್ಲಿನ ಸೊಂಟ-ಮಂಡಿ ಶಸ್ತ್ರಚಿಕಿತ್ಸಕರ ಸಂಘ 2022ರಲ್ಲಿ ಜಂಟಿಯಾಗಿ ಹೊರತಂದ ಮಾರ್ಗಸೂಚಿಗೆ ಹೊಂದುವಂಥವು. ಮೊದಲೇ ದಿನ ಗೊತ್ತುಮಾಡಿ ನಡೆಸುವ ಸೊಂಟ ಮತ್ತು ಮಂಡಿ ಬದಲಾವಣೆಗೆ ಮಾತ್ರ ಇವು ಅನ್ವಯ. ಬಿದ್ದು ಸೊಂಟದ ಮೂಳೆ ಮುರಿದಾಗ ಯಾರೂ ಚುಚ್ಚುಮದ್ದಿನ ದಿನ ಎಣಿಸುತ್ತ ಕೂರುವುದಿಲ್ಲ. ಕೊನೆಯ ಡೋಸ್ ಯಾವತ್ತು ತೆಗೆದುಕೊಂಡಿರಿ ಎಂದು ಹೇಳಿದರೆ ಸಾಕು, ಉಳಿದದ್ದು ವೈದ್ಯರ ಕೆಲಸ.

ಹಂತ 1: ಎರಡು ತಿಂಗಳು ಮುಂಚೆ ಒಂದು ಹಾಳೆ ಬರೆಯಿರಿ

ಮೂಳೆ ವೈದ್ಯರು ಒಂದು ಕಡೆ, ಸಂಧಿವಾತ ನೋಡುವ ರುಮಟಾಲಜಿಸ್ಟ್ ಇನ್ನೊಂದು ಕಡೆ, ಅರಿವಳಿಕೆ ಕೊಡುವವರು ಮತ್ತೊಂದು ಕಡೆ. ಮೂವರೂ ಒಂದೇ ಪಟ್ಟಿ ನೋಡದಿದ್ದರೆ ಗೊಂದಲ ಖಚಿತ. ಆದ್ದರಿಂದ ಹಾಳೆ ನಿಮ್ಮ ಕೈಯಲ್ಲೇ ಇರಲಿ. ಪ್ರತಿ ಔಷಧಕ್ಕೂ ಒಂದೊಂದು ಸಾಲು: ಹೆಸರು, ಪ್ರಮಾಣ, ಎಷ್ಟು ದಿನಕ್ಕೊಮ್ಮೆ, ಕೊನೆಯ ಡೋಸ್ ತೆಗೆದುಕೊಂಡ ತಾರೀಖು, ಮುಂದಿನ ಡೋಸ್ ಬರುವ ತಾರೀಖು. ಅದರ ಪಕ್ಕದಲ್ಲಿ ಎರಡು ಖಾಲಿ ಜಾಗ ಬಿಡಿ: "ನಿಲ್ಲಿಸುವ ದಿನ", "ಮತ್ತೆ ಶುರು ಮಾಡುವ ದಿನ". ಈ ಎರಡನ್ನು ತುಂಬಬೇಕಾದವರು ರುಮಟಾಲಜಿಸ್ಟ್. ತುಂಬಿದ ಹಾಳೆಯ ನಕಲೊಂದು ಶಸ್ತ್ರಚಿಕಿತ್ಸಕರ ಫೈಲಿಗೆ ಹೋಗಲಿ.

ವೈದ್ಯರು ಬರೆದುಕೊಟ್ಟವಷ್ಟೇ ಅಲ್ಲ, ನೀವಾಗಿಯೇ ತೆಗೆದುಕೊಳ್ಳುವವೂ ಪಟ್ಟಿಯಲ್ಲಿರಬೇಕು. ಮೀನೆಣ್ಣೆ, ಅರಿಶಿನ, ಬೆಳ್ಳುಳ್ಳಿ ಕ್ಯಾಪ್ಸೂಲುಗಳು ರಕ್ತಸ್ರಾವ ಹೆಚ್ಚಿಸಬಹುದು. ಹೆಸರು ಗೊತ್ತಿಲ್ಲದ ನೋವಿನ ಪುಡಿ ಅಥವಾ ಮಾತ್ರೆ ತಿನ್ನುತ್ತಿದ್ದರೆ ಅದನ್ನು ಮುಚ್ಚಿಡಲೇಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಅದು ಅರಿವಳಿಕೆ ವೈದ್ಯರಿಗೆ ಗೊತ್ತಿರಲೇಬೇಕಾದ ಸಂಗತಿ.

ಶಸ್ತ್ರಚಿಕಿತ್ಸೆ ಆಗುವ ಕೀಲಿಗೆ ಕಳೆದ ಮೂರು ತಿಂಗಳಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದು ಕೊಡಿಸಿಕೊಂಡಿದ್ದರೆ ಅದನ್ನೂ ತಾರೀಖು ಸಹಿತ ಬರೆಯಿರಿ. ಅಷ್ಟು ಹತ್ತಿರದಲ್ಲಿ ಕೃತಕ ಕೀಲು ಕೂರಿಸಿದರೆ ಸೋಂಕಿನ ಸಾಧ್ಯತೆ ಏರುತ್ತದೆ. ಇದೊಂದೇ ಕಾರಣಕ್ಕೆ ದಿನಾಂಕ ಮುಂದಕ್ಕೆ ಹೋಗುವುದೂ ಇದೆ.

ಹಂತ 2: ಮುಂದುವರಿಸಬೇಕಾದವುಗಳನ್ನು ಬೇರೆ ಮಾಡಿ

ಮೆಥೊಟ್ರೆಕ್ಸೇಟ್, ಸಲ್ಫಾಸಲಜೀನ್, ಹೈಡ್ರಾಕ್ಸಿಕ್ಲೊರೊಕ್ವಿನ್, ಲೆಫ್ಲುನೊಮೈಡ್. ಈ ನಾಲ್ಕನ್ನೂ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಎಂದಿನ ಪ್ರಮಾಣದಲ್ಲಿ, ಎಂದಿನ ದಿನದಂದೇ ನಡೆಯುತ್ತಿರಬೇಕು.

ಮೆಥೊಟ್ರೆಕ್ಸೇಟ್ ಬಗ್ಗೆ ಹಳೆಯ ಭಯ ಇನ್ನೂ ಹೋಗಿಲ್ಲ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ, ಗಾಯ ಹೇಗೆ ಒಣಗೀತು ಎಂಬ ತರ್ಕ ಕೇಳಲು ಸರಿಯಾಗಿಯೇ ಇದೆ. ಆದರೆ 2001ರಲ್ಲಿ ಪ್ರಕಟವಾದ, 388 ಸಂಧಿವಾತ ರೋಗಿಗಳನ್ನು ಗಮನಿಸಿದ ಅಧ್ಯಯನದಲ್ಲಿ ಕಂಡದ್ದು ಬೇರೆ. ಮಾತ್ರೆ ಮುಂದುವರಿಸಿದವರಲ್ಲಿ ಸೋಂಕು ಮತ್ತು ಗಾಯದ ತೊಡಕುಗಳು ಸುಮಾರು 2%, ಎರಡು ವಾರ ಮೊದಲೇ ನಿಲ್ಲಿಸಿದವರಲ್ಲಿ 15%. ಕಾಯಿಲೆ ಕೆರಳಿದ್ದೂ ನಿಲ್ಲಿಸಿದವರಲ್ಲೇ. ಕೆರಳಿದ ಸಂಧಿವಾತವನ್ನು ತಣಿಸಲು ಸ್ಟೀರಾಯ್ಡ್ ಏರಿಸಬೇಕಾಗುತ್ತದೆ, ಸೋಂಕಿಗೆ ದಾರಿ ಮಾಡಿಕೊಡುವುದು ಮುಖ್ಯವಾಗಿ ಅದು.

ಮೆಥೊಟ್ರೆಕ್ಸೇಟಿನ ನಿಜವಾದ ಅಪಾಯ ಇರುವುದು ಆಸ್ಪತ್ರೆಯ ಚಾರ್ಟಿನಲ್ಲಿ. ವಾರಕ್ಕೊಮ್ಮೆಯ ಮಾತ್ರೆಯನ್ನು ಯಾರೋ ದಿನಕ್ಕೊಮ್ಮೆ ಎಂದು ಬರೆದುಬಿಡುತ್ತಾರೆ. ಇದು ಜೀವಕ್ಕೇ ಎರವಾಗುವ ತಪ್ಪು. ನಿಮ್ಮ ಹಾಳೆಯಲ್ಲಿ "ಪ್ರತಿ ಭಾನುವಾರ ಮಾತ್ರ" ಎಂಬಂತೆ ವಾರದ ಹೆಸರು ಹಾಕಿ. ವಾರ್ಡಿನಲ್ಲಿ ಬೇರೆ ದಿನ ಆ ಮಾತ್ರೆ ಕೈಗೆ ಬಂದರೆ ನುಂಗಬೇಡಿ, ಕೇಳಿ. ಫೋಲಿಕ್ ಆಸಿಡ್ ಎಂದಿನಂತೆಯೇ ಇರಲಿ.

ಮೆಥೊಟ್ರೆಕ್ಸೇಟನ್ನು ತಾತ್ಕಾಲಿಕವಾಗಿ ತಡೆಯುವ ಸಂದರ್ಭಗಳೂ ಇವೆ: ಶಸ್ತ್ರಚಿಕಿತ್ಸೆಯ ನಂತರ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ರಕ್ತಪರೀಕ್ಷೆ) ಏರಿದರೆ, ವಾಂತಿಯಾಗಿ ನೀರೂ ದಕ್ಕದಿದ್ದರೆ, ಬಾಯಿಯಲ್ಲಿ ಹುಣ್ಣುಗಳೆದ್ದರೆ, ಸೋಂಕು ತಗುಲಿದರೆ. ಮೂತ್ರದ ಸೋಂಕಿಗೆಂದು ಕೋ-ಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಬರೆದರೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿರುವುದನ್ನು ತಕ್ಷಣ ಹೇಳಿ. ಇವೆರಡೂ ಸೇರಿದರೆ ಮೂಳೆಮಜ್ಜೆ ರಕ್ತಕಣಗಳನ್ನು ಮಾಡುವುದನ್ನೇ ನಿಲ್ಲಿಸಬಹುದು.

ಹಂತ 3: ಬಯಾಲಜಿಕ್‌ಗಳಿಗೆ ಕ್ಯಾಲೆಂಡರ್ ಹಾಕಿ

ಬಯಾಲಜಿಕ್ ಎಂದರೆ ಜೀವಕೋಶಗಳಿಂದ ತಯಾರಿಸಿದ, ಚುಚ್ಚುಮದ್ದು ಅಥವಾ ಡ್ರಿಪ್ ಮೂಲಕ ಕೊಡುವ ಔಷಧ. ನಿಲ್ಲಿಸಬೇಕಾದವು ಇವು. ನಿಯಮ ಸರಳ: ಕೊನೆಯ ಡೋಸಿನ ಅವಧಿ ಪೂರ್ತಿ ಮುಗಿದು, ಮುಂದಿನ ಡೋಸ್ ತೆಗೆದುಕೊಳ್ಳಬೇಕಾದ ದಿನ ಬಂದ ಮೇಲೆ ಶಸ್ತ್ರಚಿಕಿತ್ಸೆ. ಆ ಡೋಸನ್ನು ತೆಗೆದುಕೊಳ್ಳುವುದಿಲ್ಲ. ಔಷಧದ ಬಲ ಅತ್ಯಂತ ಕಡಿಮೆ ಇರುವ ವಾರದಲ್ಲಿ ಕತ್ತರಿ ಆಡಲಿ ಎಂಬುದು ಇದರ ಉದ್ದೇಶ.

• ಎಟನರ್ಸೆಪ್ಟ್, ವಾರಕ್ಕೊಮ್ಮೆ: ಕೊನೆಯ ಡೋಸಿನಿಂದ ಎಣಿಸಿ 2ನೇ ವಾರದಲ್ಲಿ
• ಅಡಲಿಮುಮಾಬ್, 2 ವಾರಕ್ಕೊಮ್ಮೆ: 3ನೇ ವಾರದಲ್ಲಿ
• ಗೊಲಿಮುಮಾಬ್, ಚರ್ಮದಡಿಗೆ 4 ವಾರಕ್ಕೊಮ್ಮೆ: 5ನೇ ವಾರದಲ್ಲಿ
• ಸರ್ಟೊಲಿಜುಮಾಬ್, 2 ಅಥವಾ 4 ವಾರಕ್ಕೊಮ್ಮೆ: 3 ಅಥವಾ 5ನೇ ವಾರದಲ್ಲಿ
• ಇನ್‌ಫ್ಲಿಕ್ಸಿಮಾಬ್, 4, 6 ಅಥವಾ 8 ವಾರಕ್ಕೊಮ್ಮೆ: 5, 7 ಅಥವಾ 9ನೇ ವಾರದಲ್ಲಿ
• ಟೊಸಿಲಿಜುಮಾಬ್ ಮತ್ತು ಅಬಟಾಸೆಪ್ಟ್: ವಾರದ ಚುಚ್ಚುಮದ್ದಾದರೆ 2ನೇ ವಾರ, ತಿಂಗಳಿಗೊಮ್ಮೆ ಡ್ರಿಪ್ ಆದರೆ 5ನೇ ವಾರ
• ರಿಟುಕ್ಸಿಮಾಬ್, 6 ತಿಂಗಳಿಗೊಮ್ಮೆ: 7ನೇ ತಿಂಗಳಲ್ಲಿ

ಅಡಲಿಮುಮಾಬ್ ಉದಾಹರಣೆಯಾಗಿ ನೋಡೋಣ. ಜೂನ್ 1ಕ್ಕೆ ಕೊನೆಯ ಚುಚ್ಚುಮದ್ದು. ಮುಂದಿನದು ಜೂನ್ 15ಕ್ಕೆ ಬರಬೇಕು, ಅದನ್ನು ಬಿಟ್ಟಿರಿ. ಶಸ್ತ್ರಚಿಕಿತ್ಸೆ ಜೂನ್ 15ರಿಂದ 21ರ ನಡುವೆ, ಹದಿನೇಳಕ್ಕೆ ಅಂದುಕೊಳ್ಳಿ. ಹದಿನಾಲ್ಕು ದಿನಕ್ಕೆ, ಅಂದರೆ ಜುಲೈ 1ಕ್ಕೆ, ಹೊಲಿಗೆ ತೆಗೆದು ಗಾಯ ಚೆನ್ನಾಗಿದ್ದರೆ ಔಷಧ ಮತ್ತೆ ಶುರು. ತಪ್ಪಿದ್ದು ಎರಡೇ ಡೋಸ್, ಜೂನ್ 15 ಮತ್ತು 29ರದ್ದು. ಎರಡು ಡೋಸುಗಳ ನಡುವಿನ ಅಂತರ ಒಟ್ಟು 30 ದಿನ. "ತಿಂಗಳುಗಟ್ಟಲೆ ಔಷಧವಿಲ್ಲದೆ ಇರಬೇಕಂತೆ" ಎಂದು ಗಾಬರಿಯಾಗುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು.

ರಿಟುಕ್ಸಿಮಾಬ್ ಮಾತ್ರ ಬೇರೆ ಜಾತಿಯದು. ಅದರ ಪರಿಣಾಮ ತಿಂಗಳುಗಟ್ಟಲೆ ಉಳಿಯುತ್ತದೆ, ಆದ್ದರಿಂದ ಡ್ರಿಪ್ ಹಾಕಿಸಿಕೊಂಡ ಮೇಲೆ ಶಸ್ತ್ರಚಿಕಿತ್ಸೆಯ ದಿನ ಹುಡುಕಿದರೆ ಆರು ತಿಂಗಳು ಕಾಯಬೇಕಾದೀತು. ಕೀಲು ಬದಲಾಯಿಸುವ ಮಾತು ಶುರುವಾಗಿದ್ದರೆ ಮುಂದಿನ ಡ್ರಿಪ್‌ಗೆ ಮೊದಲೇ ರುಮಟಾಲಜಿಸ್ಟ್ ಕಿವಿಗೆ ಹಾಕಿ.

ಹಂತ 4: ಜ್ಯಾಕ್ ಮಾತ್ರೆಗಳು

ಜ್ಯಾಕ್ ಎಂಬ ಕಿಣ್ವವನ್ನು ತಡೆದು ಉರಿಯೂತ ತಗ್ಗಿಸುವ ಮಾತ್ರೆಗಳಿವು: ಟೊಫಾಸಿಟಿನಿಬ್, ಬ್ಯಾರಿಸಿಟಿನಿಬ್, ಉಪಡಾಸಿಟಿನಿಬ್. ಇವು ದೇಹದಿಂದ ಬೇಗ ಹೊರಹೋಗುತ್ತವೆ, ಹಾಗಾಗಿ ಮೂರು ಪೂರ್ತಿ ದಿನ ಬಿಟ್ಟರೆ ಸಾಕು. ಗುರುವಾರ ಶಸ್ತ್ರಚಿಕಿತ್ಸೆಯಾದರೆ ಕೊನೆಯ ಮಾತ್ರೆ ಭಾನುವಾರ. ಸೋಮ, ಮಂಗಳ, ಬುಧ ಖಾಲಿ. 2017ರ ಮಾರ್ಗಸೂಚಿ ಟೊಫಾಸಿಟಿನಿಬ್‌ಗೆ ಏಳು ದಿನ ಹೇಳಿತ್ತು. ಇನ್ನೂ ಆ ಲೆಕ್ಕವನ್ನೇ ಹೇಳುವವರು ಸಿಕ್ಕರೆ ರುಮಟಾಲಜಿಸ್ಟ್ ಮಾತನ್ನೇ ಅಂತಿಮವಾಗಿಟ್ಟುಕೊಳ್ಳಿ. ಬೇಗ ಹೊರಹೋಗುವ ಔಷಧವಾದ್ದರಿಂದ ಬಿಗಿತವೂ ಬೇಗ ಮರಳುತ್ತದೆ. ಕೆಲವರಿಗೆ ಶಸ್ತ್ರಚಿಕಿತ್ಸೆಯ ಹಿಂದಿನ ದಿನವೇ ಬೆರಳುಗಳು ಮಡಚಲಾರದಂತಾಗುತ್ತವೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯದೊಂದಿಗೂ ಈ ಗುಂಪಿನ ಮಾತ್ರೆಗಳ ಹೆಸರು ತಳಕು ಹಾಕಿಕೊಂಡಿದೆ. ಹಿಂದೆ ಹಾಗೆ ಹೆಪ್ಪುಗಟ್ಟಿದ್ದರೆ ಶಸ್ತ್ರಚಿಕಿತ್ಸಕರಿಗೆ ತಿಳಿಸಿರಬೇಕು.

ಹಂತ 5: ಸ್ಟೀರಾಯ್ಡ್ — ಯಾವ ಕಾರಣಕ್ಕೂ ದಿಢೀರನೆ ಬಿಡಬೇಡಿ

ಪ್ರೆಡ್ನಿಸೊಲೋನ್ ದಿನವೂ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ಅಡ್ರಿನಲ್ ಗ್ರಂಥಿಗಳು ಸ್ವಂತ ಕಾರ್ಟಿಸಾಲ್ (ದೇಹದ ಸಹಜ ಸ್ಟೀರಾಯ್ಡ್) ತಯಾರಿಸುವುದನ್ನು ಕಡಿಮೆ ಮಾಡಿರುತ್ತವೆ. ಮಾತ್ರೆ ಥಟ್ಟನೆ ನಿಂತರೆ, ಅದರಲ್ಲೂ ಶಸ್ತ್ರಚಿಕಿತ್ಸೆಯ ಹೊತ್ತಿಗೆ, ರಕ್ತದೊತ್ತಡ ಕುಸಿಯಬಹುದು. ವಾಂತಿ, ವಿಪರೀತ ಸುಸ್ತು, ತಲೆಸುತ್ತು ಇದರ ಲಕ್ಷಣಗಳು. ಶಸ್ತ್ರಚಿಕಿತ್ಸೆಯ ದಿನ ಬೆಳಗ್ಗೆಯೂ ಎಂದಿನ ಪ್ರಮಾಣವನ್ನು ಒಂದು ಗುಟುಕು ನೀರಿನಲ್ಲಿ ನುಂಗಬೇಕು. "ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂದರೆ ಈ ಮಾತ್ರೆಯನ್ನೂ ಬಿಡಿ ಎಂದಲ್ಲ. ಅರಿವಳಿಕೆ ವೈದ್ಯರನ್ನು ಕೇಳಿ ಇದನ್ನು ಮೊದಲೇ ಖಚಿತಪಡಿಸಿಕೊಳ್ಳಿ.

ಹಿಂದೆ ಎಲ್ಲರಿಗೂ ಹೆಚ್ಚುವರಿ ದೊಡ್ಡ ಡೋಸ್ ಕೊಡುವ ಪದ್ಧತಿ ಇತ್ತು. ಈಗ ಸಂಧಿವಾತಕ್ಕೆಂದು ಕಡಿಮೆ ಪ್ರಮಾಣ ತೆಗೆದುಕೊಳ್ಳುವವರಿಗೆ ದಿನದ ಡೋಸ್ ಮುಂದುವರಿಸಿದರೆ ಸಾಕೆನ್ನುತ್ತಾರೆ. ಅಡ್ರಿನಲ್ ಕೊರತೆ ಪತ್ತೆಯಾದವರು, ಬಾಲ್ಯದಿಂದಲೇ ಸ್ಟೀರಾಯ್ಡ್ ತೆಗೆದುಕೊಂಡವರು ಇದಕ್ಕೆ ಹೊರತು. ದಿನದ ಪ್ರಮಾಣ 20 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ನಿಧಾನವಾಗಿ ಇಳಿಸುವ ಯೋಜನೆ ಬೇಕು. ಇದಕ್ಕೇ ಎರಡು ತಿಂಗಳ ಮುಂಗಡ ಬೇಕೆನ್ನುವುದು.

ಹಂತ 6: ನೋವಿನ ಮಾತ್ರೆಗಳು

ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಡೈಕ್ಲೊಫೆನಾಕ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಹೆಚ್ಚಿನ ಕಡೆ ಐದರಿಂದ ಏಳು ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ. ಸೆಲೆಕಾಕ್ಸಿಬ್ ಪ್ಲೇಟ್‌ಲೆಟ್‌ಗಳ ಕೆಲಸಕ್ಕೆ ಅಡ್ಡಿ ಮಾಡುವುದಿಲ್ಲ. ಹೃದಯ, ಮೂತ್ರಪಿಂಡ ಸರಿಯಿದ್ದವರಿಗೆ ಅದನ್ನು ಬದಲಿಯಾಗಿ ಕೊಡಬಹುದೇ ಎಂದು ಕೇಳುವುದು ಜಾಣತನ. ಏಕೆಂದರೆ ಬಯಾಲಜಿಕ್ ಇಲ್ಲದ ವಾರದಲ್ಲೇ ನೋವಿನ ಮಾತ್ರೆಯೂ ಇಲ್ಲವಾದರೆ ಆ ವಾರ ನಿಜಕ್ಕೂ ಕಷ್ಟ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು, ಸ್ಟೆಂಟ್ ಇರುವವರು ಹೃದ್ರೋಗ ತಜ್ಞರನ್ನು ಕೇಳದೆ ಅದನ್ನು ಮುಟ್ಟಬಾರದು.

ಪ್ಯಾರಸಿಟಮಾಲ್ ಉಳಿಯುತ್ತದೆ. ನೋವು ಬಂದಾಗಲಷ್ಟೇ ನುಂಗುವುದಕ್ಕಿಂತ ಗಂಟೆ ನೋಡಿ, ಆರು ಗಂಟೆಗೊಮ್ಮೆ ತೆಗೆದುಕೊಂಡರೆ ಹೆಚ್ಚು ಉಪಯೋಗ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. ಮೆಥೊಟ್ರೆಕ್ಸೇಟ್ ಅಥವಾ ಲೆಫ್ಲುನೊಮೈಡ್ ಜೊತೆಯಲ್ಲಿದ್ದರೆ, ತೂಕ 50 ಕಿಲೋಗಿಂತ ಕಡಿಮೆಯಿದ್ದರೆ, ಯಕೃತ್ತಿನ ತೊಂದರೆಯಿದ್ದರೆ ಮಿತಿ ಇನ್ನೂ ಕೆಳಗಿಳಿಯಬಹುದು. ನಿಮಗೆಷ್ಟು ಎಂಬುದನ್ನು ಹಾಳೆಯಲ್ಲೇ ಬರೆಸಿಕೊಳ್ಳಿ. ಶೀತ-ಜ್ವರದ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಅಡಗಿರುತ್ತದೆ, ಅದೂ ಲೆಕ್ಕಕ್ಕೆ ಸೇರಬೇಕು.

ಹಂತ 7: ಔಷಧವಿಲ್ಲದ ವಾರಗಳಿಗೆ ಮನೆ ಸಜ್ಜು ಮಾಡಿ

ಕೀಲು ಬದಲಾವಣೆಯ ನಂತರದ ಆರು ವಾರಗಳಲ್ಲಿ ಸಂಧಿವಾತ ಕೆರಳುವುದು ತೀರ ಸಾಮಾನ್ಯ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹಾಗಾಗಿತ್ತು. ಕುತೂಹಲದ ಸಂಗತಿಯೆಂದರೆ ಯಾರಿಗೆ ಕೆರಳುತ್ತದೆ ಎಂಬುದನ್ನು ಸೂಚಿಸಿದ್ದು ಶಸ್ತ್ರಚಿಕಿತ್ಸೆಗೆ ಮುನ್ನ ಕಾಯಿಲೆ ಎಷ್ಟು ಹತೋಟಿಯಲ್ಲಿತ್ತು ಎಂಬ ಅಂಶ, ಬಯಾಲಜಿಕ್ ನಿಲ್ಲಿಸಿದ್ದಲ್ಲ. ಈಗಲೇ ಕೈಕಾಲು ಊದಿಕೊಂಡಿದ್ದರೆ "ಹೇಗೂ ಆಪರೇಷನ್ ಇದೆಯಲ್ಲ" ಎಂದು ಸುಮ್ಮನಿರದೆ ಮೊದಲು ಅದನ್ನು ಹತೋಟಿಗೆ ತರಲು ರುಮಟಾಲಜಿಸ್ಟ್ ಬಳಿ ಹೋಗಿ.

ಕೆರಳಿದಾಗ ಏನು ಮಾಡಬೇಕೆಂಬುದನ್ನು ಮೊದಲೇ ಬರೆಸಿಟ್ಟುಕೊಳ್ಳಿ: ಯಾವ ಮಾತ್ರೆ, ಎಷ್ಟು, ಯಾರಿಗೆ ಫೋನ್. ಕೆಲವೊಮ್ಮೆ ಅಲ್ಪಾವಧಿಗೆ ಸಣ್ಣ ಪ್ರಮಾಣದ ಸ್ಟೀರಾಯ್ಡ್ ಕೊಡುತ್ತಾರೆ, ಆದರೆ ಅದು ವೈದ್ಯರ ತೀರ್ಮಾನ. ಮನೆಯಲ್ಲಿ ಉಳಿದ ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಹೆಚ್ಚಿಗೆ ನುಂಗಿದರೆ ಹೊಸ ಗಾಯದ ಸೋಂಕು ಹೊರಗೆ ಕಾಣದಂತೆ ಮರೆಯಾಗುತ್ತದೆ.

ಬಿಸಿಯಾಗಿ ಊದಿದ ಕೀಲಿಗೆ ಬಟ್ಟೆಯಲ್ಲಿ ಸುತ್ತಿದ ಐಸ್, ಒಮ್ಮೆಗೆ 15ರಿಂದ 20 ನಿಮಿಷ. ಬೆಳಗಿನ ಬಿಗಿತಕ್ಕೆ ಬೆಚ್ಚಗಿನ ನೀರಿನಲ್ಲಿ ಕೈ ಅದ್ದಿ ಬೆರಳು ಮಡಚಿ ಬಿಡಿಸುವುದು. ಮಣಿಕಟ್ಟಿಗೆ ರಾತ್ರಿ ಸ್ಪ್ಲಿಂಟ್ (ಅಲುಗದಂತೆ ಹಿಡಿದಿಡುವ ಆಸರೆ). ಒಣಗದ ಗಾಯದ ಪಟ್ಟಿಗೆ ಐಸಿನ ನೀರು ಇಳಿಯಬಾರದು.

ಮಂಡಿಯೊಂದೇ ಸವೆದವರಿಗೆ ಬಾರದ ತೊಡಕು ಸಂಧಿವಾತದವರಿಗೆ ಬರುವುದು ಕೈಗಳಿಂದ. ಶಸ್ತ್ರಚಿಕಿತ್ಸೆಯ ಮರುದಿನವೇ ವಾಕರ್ ಹಿಡಿದು ನಿಲ್ಲಿಸುತ್ತಾರೆ. ಮೈಭಾರದ ಒಂದು ಪಾಲು ಮಣಿಕಟ್ಟು, ಬೆರಳುಗಳ ಮೇಲೆ ಬೀಳುತ್ತದೆ. ಅದೇ ವಾರ ಆ ಕೀಲುಗಳೂ ಊದಿರುತ್ತವೆ. ಮುಂಗೈಯನ್ನು ಪೂರ್ತಿ ಮೆತ್ತೆಯ ಮೇಲೆ ಒರಗಿಸಿ, ನಿಂತಿರುವ ಹಿಡಿಕೆ ಹಿಡಿದು ನಡೆಯುವ ವಾಕರ್ ಸಿಗುತ್ತದೆ. ಅದನ್ನು ಫಿಸಿಯೋಥೆರಪಿಸ್ಟ್ ಮೂಲಕ ಮುಂಚಿತವಾಗಿ ತರಿಸಿ, ಮೊಣಕೈ 90 ಡಿಗ್ರಿ ಮಡಚಿದಾಗ ಮುಂಗೈ ಸರಿಯಾಗಿ ಕೂರುವಂತೆ ಎತ್ತರ ಹೊಂದಿಸಿ, ನಾಲ್ಕು ದಿನ ಅಭ್ಯಾಸ ಮಾಡಿ. ಕುರ್ಚಿ ಮತ್ತು ಶೌಚದ ಆಸನ ಎತ್ತರವಾಗಿದ್ದರೆ ಕೈ ಊರಿ ಏಳುವ ಶ್ರಮ ಉಳಿಯುತ್ತದೆ. ಮನೆಗೆ ಬಂದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಬರೆಯಬಹುದು. ಅದನ್ನು ಒತ್ತಲು, ಕಾಲಿಗೆ ಬಿಗಿ ಸ್ಟಾಕಿಂಗ್ ಎಳೆಯಲು ನಿಮ್ಮ ಬೆರಳಿಗೆ ಬಲವಿಲ್ಲದಿದ್ದರೆ ಮನೆಯವರೊಬ್ಬರು ಡಿಸ್ಚಾರ್ಜ್‌ಗೆ ಮೊದಲೇ ಕಲಿತಿರಲಿ.

ಹಂತ 8: ಆಸ್ಪತ್ರೆಯಲ್ಲಿ ಹೇಳಲೇಬೇಕಾದವು

ಮೊದಲನೆಯದು ಕುತ್ತಿಗೆ. ಹಳೆಯ ಸಂಧಿವಾತ ಕುತ್ತಿಗೆಯ ಮೊದಲೆರಡು ಮೂಳೆಗಳ ಹಿಡಿತ ಸಡಿಲಿಸಿರಬಹುದು, ನೋವೇ ಇಲ್ಲದೆ. ಉಸಿರಾಟದ ಕೊಳವೆ ಹಾಕಲು ತಲೆಯನ್ನು ಹಿಂದಕ್ಕೆ ಬಾಗಿಸಿದಾಗ ಬೆನ್ನುಹುರಿಗೆ ಪೆಟ್ಟಾಗುವ ಸಾಧ್ಯತೆ ಇದರಿಂದಲೇ. ಕುತ್ತಿಗೆಯನ್ನು ಮುಂದೆ ಮತ್ತು ಹಿಂದೆ ಬಾಗಿಸಿ ತೆಗೆದ ಎಕ್ಸ್-ರೇ ಬೇಕೇ ಎಂದು ಅರಿವಳಿಕೆ ವೈದ್ಯರನ್ನು ಕೇಳಿ. ಬಾಯಿ ಪೂರ್ತಿ ತೆರೆಯದಿದ್ದರೆ, ಧ್ವನಿ ಗೊಗ್ಗರಾಗಿದ್ದರೆ ಅದನ್ನೂ ಹೇಳಿ. ಗಂಟಲಿನ ಸಣ್ಣ ಕೀಲುಗಳಿಗೂ ಈ ಕಾಯಿಲೆ ತಗಲುತ್ತದೆ.

ನೋವು ನಿವಾರಕ ಪಂಪಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಲಾಗದಿದ್ದರೆ ಬೇರೆ ವ್ಯವಸ್ಥೆ ಕೇಳಬಹುದು. ಡ್ರಿಪ್ ಸೂಜಿಯನ್ನು ಹೆಚ್ಚು ಊದಿದ ಮಣಿಕಟ್ಟಿನಲ್ಲಿ ಹಾಕದಂತೆ ತೋರಿಸಿ ಹೇಳಿ.

ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋದರೆ

ಔಷಧ ನಿಲ್ಲಿಸಿ ಕೂತಿದ್ದೀರಿ, ಹಲ್ಲಿನ ಕೀವೋ ಮೂತ್ರದ ಸೋಂಕೋ ಏರಿದ ಸಕ್ಕರೆಯೋ ಕಾರಣವಾಗಿ ದಿನಾಂಕ ಬದಲಾಯಿತು. ಇಲ್ಲಿ ಜನ ಸುಮ್ಮನೆ ಕಾಯುತ್ತಾರೆ, ಹಾಗೆ ಕಾದ ಎರಡು ವಾರ ಎರಡು ತಿಂಗಳಾಗುತ್ತದೆ, ಕಾಯಿಲೆ ಹತೋಟಿ ತಪ್ಪುತ್ತದೆ. ಮುಂದೂಡಿಕೆ ತಿಳಿದ ದಿನವೇ ರುಮಟಾಲಜಿಸ್ಟ್‌ಗೆ ಎರಡು ಪ್ರಶ್ನೆ ಕೇಳಿ: ಬಿಟ್ಟ ಡೋಸ್ ಈಗ ತೆಗೆದುಕೊಳ್ಳಲೇ? ಹೊಸ ದಿನಾಂಕಕ್ಕೆ ಕ್ಯಾಲೆಂಡರ್ ಹೇಗೆ? ಕಾರಣ ಸೋಂಕಾಗಿದ್ದರೆ ಅದು ಪೂರ್ತಿ ಗುಣವಾಗುವವರೆಗೆ ಬಯಾಲಜಿಕ್ ಬರುವುದಿಲ್ಲ. ಬೇರೆ ಕಾರಣವಾದರೆ ಡೋಸ್ ಕೊಟ್ಟು ಮೊದಲಿನಿಂದ ಎಣಿಸುವುದೇ ಒಳ್ಳೆಯದೆಂದು ಅವರು ನಿರ್ಧರಿಸಬಹುದು. ಇಂಥ ಮುಂದೂಡಿಕೆ ತಪ್ಪಿಸಬೇಕೆಂದರೆ ಹಲ್ಲು, ಪಾದದ ಬಿರುಕು, ಉಗುರುಸುತ್ತು, ಮೂತ್ರ, ಸಕ್ಕರೆಯ ತಪಾಸಣೆಗಳನ್ನು ಔಷಧ ನಿಲ್ಲಿಸುವ ಮೊದಲೇ ಮುಗಿಸಿ.

ಕೆರಳಿದ ಸಂಧಿವಾತವೋ, ಸೋಂಕೋ?

ಸಂಧಿವಾತ ಕೆರಳಿದರೆ ಸಾಮಾನ್ಯವಾಗಿ ಹಲವು ಕೀಲುಗಳು, ಎರಡೂ ಬದಿಯವು, ಒಟ್ಟಿಗೆ ನೋಯುತ್ತವೆ. ಬೆಳಗಿನ ಬಿಗಿತ ದೀರ್ಘವಾಗಿದ್ದು ಓಡಾಡಿದಂತೆ ಸಡಿಲವಾಗುತ್ತದೆ. ಸೋಂಕು ಶಸ್ತ್ರಚಿಕಿತ್ಸೆಯಾದ ಕೀಲಿನಲ್ಲೇ ಕೂತಿರುತ್ತದೆ: ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರುತ್ತದೆ, ಗಾಯದ ಸುತ್ತ ಕೆಂಪು ಹರಡುತ್ತದೆ, ವಾರ ಕಳೆದರೂ ಪಟ್ಟಿ ಒದ್ದೆಯಾಗುತ್ತದೆ, ಚಳಿಜ್ವರ ಬರುತ್ತದೆ. ಟೊಸಿಲಿಜುಮಾಬ್ ತೆಗೆದುಕೊಳ್ಳುತ್ತಿದ್ದವರು ಇನ್ನೂ ಎಚ್ಚರವಾಗಿರಬೇಕು. ಅದು ಜ್ವರವನ್ನೂ ಸಿಆರ್‌ಪಿ ಎಂಬ ಉರಿಯೂತದ ರಕ್ತಪರೀಕ್ಷೆಯ ಏರಿಕೆಯನ್ನೂ ಅದುಮಿಡುತ್ತದೆ, ವರದಿ ಸರಿಯಿದ್ದರೂ ಒಳಗೆ ಸೋಂಕಿರಬಹುದು.

ಅನುಮಾನ ಬಂದರೆ ಅದೇ ದಿನ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಮನೆಯಲ್ಲಿದ್ದ ಆಂಟಿಬಯೋಟಿಕ್ ನುಂಗಬೇಡಿ. ಕೀಲಿನ ದ್ರವ ತೆಗೆದು ಪರೀಕ್ಷಿಸುವ ಮೊದಲೇ ಆಂಟಿಬಯೋಟಿಕ್ ಒಳಗೆ ಹೋದರೆ ಯಾವ ಬ್ಯಾಕ್ಟೀರಿಯಾ ಎಂಬುದು ಪತ್ತೆಯಾಗದೇ ಹೋಗಬಹುದು, ಆಮೇಲೆ ಸರಿಯಾದ ಚಿಕಿತ್ಸೆಯೂ ಕಷ್ಟ. ಮೀನಖಂಡ ಊದಿ ನೋಯುವುದು, ಏಕಾಏಕಿ ಉಸಿರುಗಟ್ಟುವುದು ಬೇರೆಯೇ ತುರ್ತು, ನೇರ ಆಸ್ಪತ್ರೆಗೆ ಹೋಗಿ.

ಹಂತ 9: ಮತ್ತೆ ಶುರು ಮಾಡುವುದು

ಬಯಾಲಜಿಕ್ ಅಥವಾ ಜ್ಯಾಕ್ ಮಾತ್ರೆ ಮತ್ತೆ ಶುರುವಾಗುವುದು ಸುಮಾರು ಹದಿನಾಲ್ಕನೇ ದಿನಕ್ಕೆ, ಆದರೆ ತೀರ್ಮಾನಿಸುವುದು ಗಾಯ. ಹೊಲಿಗೆ ಅಥವಾ ಸ್ಟೇಪಲ್ ತೆಗೆದಿರಬೇಕು. ಅಂಚುಗಳು ಕೂಡಿರಬೇಕು. ಸೋರುವಿಕೆ, ಹೆಚ್ಚಿನ ಊತ, ಕೆಂಪು ಇರಬಾರದು. ದೇಹದ ಬೇರೆಲ್ಲೂ ಸೋಂಕು ಇರಬಾರದು, ಕೆಮ್ಮು-ಕಫವೂ ಇದರಲ್ಲಿ ಸೇರಿತು.

ಕೈತಪ್ಪುವುದು ಇಲ್ಲೇ. ಡಿಸ್ಚಾರ್ಜ್ ಚೀಟಿಯಲ್ಲಿ "ಹಿಂದಿನ ಔಷಧಗಳನ್ನು ಮುಂದುವರಿಸಿ" ಎಂಬ ಒಂದೇ ಸಾಲಿರುತ್ತದೆ. ಒಬ್ಬರು ಅದನ್ನು ನೋಡಿ ಮೂರನೇ ದಿನವೇ ಚುಚ್ಚಿಕೊಳ್ಳುತ್ತಾರೆ, ಇನ್ನೊಬ್ಬರು ಯಾರೂ ಹೇಳಲಿಲ್ಲವೆಂದು ಮೂರು ತಿಂಗಳು ಬಿಡುತ್ತಾರೆ. ಮನೆಗೆ ಹೊರಡುವ ಮೊದಲು ಔಷಧದ ಹೆಸರು ಮತ್ತು ಗಾಯ ನೋಡಿ ತೀರ್ಮಾನಿಸುವ ತಾರೀಖು ಚೀಟಿಯಲ್ಲಿ ಬರೆದಿದೆಯೇ ನೋಡಿ. ಗಾಯ ನೋಡಿದ ದಿನವೇ "ಶುರು ಮಾಡಬಹುದು" ಎಂದು ಶಸ್ತ್ರಚಿಕಿತ್ಸಕರಿಂದ ಬರೆಸಿಕೊಂಡು, ಆ ಹಾಳೆಯ ಫೋಟೋವನ್ನು ರುಮಟಾಲಜಿಸ್ಟ್‌ಗೆ ಕಳಿಸಿ.

ಬಿಟ್ಟ ಡೋಸುಗಳನ್ನು ಸೇರಿಸಿ ಎರಡೆರಡು ತೆಗೆದುಕೊಳ್ಳುವಂತಿಲ್ಲ. ಒಂದೇ ಡೋಸ್, ಅಲ್ಲಿಂದ ಹೊಸ ಎಣಿಕೆ. ಫ್ರಿಜ್‌ನಲ್ಲಿ ಉಳಿದ ಪೆನ್ನಿನ ಅವಧಿ ಮುಗಿದಿಲ್ಲವೆಂದು, 2ರಿಂದ 8 ಡಿಗ್ರಿಯಲ್ಲೇ ಇತ್ತೆಂದು ನೋಡಿಕೊಳ್ಳಿ. ಶಸ್ತ್ರಚಿಕಿತ್ಸೆಯಾದ ಕಾಲಿನ ತೊಡೆಗೆ ಚುಚ್ಚದೆ ಹೊಟ್ಟೆ ಅಥವಾ ಇನ್ನೊಂದು ತೊಡೆ ಆರಿಸಿಕೊಳ್ಳಿ. ಇನ್‌ಫ್ಲಿಕ್ಸಿಮಾಬ್ ತುಂಬ ದಿನ ಬಿಟ್ಟು ಮತ್ತೆ ಹಾಕಿದಾಗ ಅಲರ್ಜಿಯಂಥ ಪ್ರತಿಕ್ರಿಯೆ ಬರುವುದುಂಟು. ಅಂತರ ಎಷ್ಟು ವಾರವಾಯಿತೆಂದು ಡ್ರಿಪ್ ಹಾಕುವವರಿಗೆ ಮೊದಲೇ ಹೇಳಿ. ಜ್ಯಾಕ್ ಮಾತ್ರೆಗಳ ಪರಿಣಾಮ ಬೇಗ ಮರಳಿದರೂ ಬಯಾಲಜಿಕ್‌ಗಳಿಗೆ ಕೆಲವು ವಾರ ಬೇಕಾಗಬಹುದು. ಅಲ್ಲಿಯವರೆಗೆ ಗಂಟೆ ನೋಡಿ ತೆಗೆದುಕೊಳ್ಳುವ ಪ್ಯಾರಸಿಟಮಾಲ್, ಸ್ಪ್ಲಿಂಟ್, ಮುಂಗೈ ವಾಕರ್ ಹಾಗೆಯೇ ಇರಲಿ.